ಪರಸಿ ಕಲ್ಲಿನಂಗ ಸಮುದ್ರದ ಹುಲ್ಲೂ ಕರಗ್ತದೇನ್ರಿ?

ಕಾಗಿಣಾ_ದಂಡಿ:
ಶಹಾಬಾದ್ ಹತ್ತಿರ ಒಂದು ಹೈಸ್ಕೂಲಿನಾಗ ವಿಜ್ಞಾನ ಹೇಳ್ತೀನ್ರಿ. ಮೊನ್ನೆ ಹತ್ತನೇತ್ತಾದವರಿಗೆ ಆಮ್ಲ, ಪ್ರತ್ಯಾಮ್ಲ ಪಾಠ. ಅಂಗಳದಾಗ ಬಿದ್ದಿದ್ದ ಪರಸಿ ಚೂರಿನ ಮ್ಯಾಲ ಎರಡು ಹನಿ ಆಮ್ಲ ಬಿಟ್ಟೆ, ಬುಸ್ ಅಂತ ನೊರೆ ಬಂತು. ಗಾಳಿಯೊಳಗಿನ ಕಾರ್ಬನ್ ಡೈಆಕ್ಸೈಡ್ ಸಮುದ್ರಕ್ಕ ಸೇರಿ ಅಲ್ಲೂ ಆಮ್ಲೀಯತೆ ಹೆಚ್ಚಾಗಲಿಕ್ಕತ್ತದ, ಚಿಪ್ಪಿನ ಜೀವಿಗಳಿಗೆ ಕಷ್ಟ ಅಂತ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಸರ್, ಸಮುದ್ರದಾಗ ಹುಲ್ಲೂ ಇರ್ತದಂತಲ್ರಿ, ಅದೂ ಹಿಂಗೇ ಕರಗ್ತದೇನು?" ಅಂದ್ಲು. ನಾ ಸಮುದ್ರ ನೋಡಿದ್ದು ಗೋಕರ್ಣದಾಗ ಒಂದೇ ಸಲ. ಪಾಚಿ ಇರಬೇಕು ಅಂತ ಹೇಳಿ ಕೂಡಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಸೋಮವಾರ ಅಕಿ ಕೇಳೇ ಕೇಳ್ತಾಳ. ಬಲ್ಲವರು ಹೇಳ್ರಿ.

ಭೀಮೆಯಿಂದ_ಮನ್ನಾರಿಗೆ:
ನಮ್ದು ಚಿತ್ತಾಪುರ ತಾಲ್ಲೂಕು ಸರ್, ಈಗ ನಾಲ್ಕು ವರ್ಷದಿಂದ ತಮಿಳುನಾಡಿನ ಮಂಡಪಂದಾಗ ಇದೇ ಹುಲ್ಲಿನ ಕೆಲಸ. ನೀವು ಪಾಚಿ ಅನ್ನದೇ ಇದ್ದದ್ದು ಭಾಳ ಚಲೋ ಆತು. ಇದು ಬೇರು, ಎಲಿ, ಹೂವು, ಕಾಯಿ ಎಲ್ಲಾ ಇರೋ ಸಸ್ಯ. ಹೂ ಬಿಡೋದೂ ನೀರೊಳಗ, ಪರಾಗ ಹೋಗೋದೂ ನೀರಿನ ಸಂಗಟನೇ. ನಿಮ್ಮ ಕೆರಿಯೊಳಗಿನ ಹೈಡ್ರಿಲ್ಲಾ ಅದಲ್ರಿ, ಈ ಹುಲ್ಲಿನಾಗ ಕೆಲವು ಜಾತಿ ಅದರ ಕುಟುಂಬದವೇ.

ಪರಸಿ, ಚಿಪ್ಪು ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್, ಅದಕ್ಕೇ ಆಮ್ಲ ಬಿದ್ರ ನೊರೆ. ಹುಲ್ಲು ಅದರಿಂದ ಕಟ್ಟಿದ್ದಲ್ಲ. ಮತ್ತ ಸಮುದ್ರ ನಿಮ್ಮ ಬಾಟಲಿಯ ಆಮ್ಲದಂಗೂ ಆಗಿಲ್ಲ. ಆಮ್ಲ, ಪ್ರತ್ಯಾಮ್ಲ ಅಳೆಯೋ ಪಿಎಚ್ ಸುಮಾರು 8.2 ಇದ್ದದ್ದು 8.1ಕ್ಕ ಬಂದದ, ಇನ್ನೂ ಪ್ರತ್ಯಾಮ್ಲದ ಕಡೀನೇ. ಆದ್ರ ಅಷ್ಟರೊಳಗೇ ಆಮ್ಲೀಯತೆ ತರೋ ಹೈಡ್ರೋಜನ್ ಅಯಾನು ಕಾಲು ಪಾಲಿಗಿಂತ ಜಾಸ್ತಿ ಆಗ್ಯಾವ, ಚಿಪ್ಪಿನವಕ್ಕ ಅದೇ ಭಾರ.

ಹುಲ್ಲಿಗೆ ಕಾರ್ಬನ್ ಡೈಆಕ್ಸೈಡ್ ಅಂದ್ರ ಊಟ. ಸಮುದ್ರದ ನೀರಿನಾಗ ಅದು ಕಡಿಮಿ, ಅದೇ ಅನಿಲ ನೀರಿನಾಗ ಕರಗಿ ಆಗೋ ಬೈಕಾರ್ಬೊನೇಟೇ ಜಾಸ್ತಿ. ಬೈಕಾರ್ಬೊನೇಟ್ ಬಳಸಲಿಕ್ಕ ಗಿಡ ತನ್ನ ಶಕ್ತಿ ಖರ್ಚು ಮಾಡಬೇಕು. ಹಂಗಾಗಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದ್ರ ಭಾಳಷ್ಟು ಜಾತಿ ಹುರುಪಿನಿಂದ ಬೆಳೀತಾವ. ಇಟಲಿಯ ಇಸ್ಕಿಯಾ ದ್ವೀಪದ ಹತ್ತಿರ ಸಮುದ್ರದ ತಳದಿಂದ ಈ ಅನಿಲ ಗುಳ್ಳಿಗುಳ್ಳಿಯಾಗಿ ಏಳ್ತದ. 2008ರಲ್ಲಿ ವಿಜ್ಞಾನಿಗಳು ಬರೆದಂಗ, ಅಲ್ಲಿ ಪೊಸಿಡೋನಿಯಾ ಅನ್ನೋ ಹುಲ್ಲು ದಟ್ಟಾಗಿ ನಿಂತದ.

ಮಂಡಪಂದಾಗ ಹಳೇ ಎಲಿ ಒಂದು ಅಂಗೈ ಮ್ಯಾಲ ಇಟ್ಟು ನೋಡಿದ್ರ ಬಿಳಿ ಮಚ್ಚಿ ಕಾಣ್ತಾವ. ಉಗುರಿನಿಂದ ಕೆರೆದ್ರ ಸುಣ್ಣದ ಪುಡಿ. ಅದು ಎಲಿ ಮ್ಯಾಲ ಮನಿ ಮಾಡಿದ ಸುಣ್ಣದ ಪಾಚಿ. ಇಸ್ಕಿಯಾದಾಗ ಗುಳ್ಳಿ ಏಳೋ ಜಾಗದ ಎಲಿಗಳ ಮ್ಯಾಲ ಅದು ಇಲ್ಲವೇ ಇಲ್ಲ. ನಿಮ್ಮ ಹುಡುಗಿಗೆ ಇದನ್ನೇ ಹೇಳ್ರಿ: ಹುಲ್ಲು ಉಳೀತದ, ಅದರ ಮ್ಯಾಲ ಬಾಳೋವು ಹೋಗ್ತಾವ.

ಬೀದರ_ಓದುಗ:
ಒಂದು ಮಾತು ಸೇರಿಸ್ತೀನಿ. ಹುಲ್ಲಿಗೆ ಲಾಭ ಅಂತ ಮಕ್ಕಳ ತಲೇಲಿ ಉಳಿದುಬಿಟ್ಟರೆ ತಪ್ಪಾಗುತ್ತೆ. ಆಮ್ಲೀಯತೆ ಹೆಚ್ಚಾದ ನೀರಲ್ಲಿ ಕೆಲವು ಹುಲ್ಲುಗಳು ತಮ್ಮನ್ನು ಮೇಯುವ ಪ್ರಾಣಿಗಳಿಂದ ಕಾಪಾಡಿಕೊಳ್ಳೋ ಒಗರು ರಾಸಾಯನಿಕಗಳನ್ನು ಕಡಿಮೆ ಮಾಡ್ತವೆ ಅನ್ನೋದೂ ಕಂಡುಬಂದಿದೆ. ಜೊತೆಗೆ, ಯಾವ ಕಾರ್ಬನ್ ಡೈಆಕ್ಸೈಡ್ ಊಟ ಅಂತೀರೋ ಅದೇ ನೀರನ್ನು ಕಾಯಿಸುತ್ತೆ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ 2011ರ ಬಿಸಿ ಅಲೆಗೆ ಹುಲ್ಲುಗಾವಲಿನ ಸುಮಾರು ಮೂರನೇ ಒಂದು ಭಾಗ ಹಾಳಾಯಿತು.

ಭೀಮೆಯಿಂದ_ಮನ್ನಾರಿಗೆ:
ಖರೇ ಮಾತ್ರಿ, ಬಿಸಿ ಮತ್ತ ರಾಡಿ ನೀರು, ಇವೆರಡೇ ನನಗ ಹೆಚ್ಚಿನ ಅಂಜಿಕಿ. ರಾಡಿ ನೀರಿನಾಗ ಬೆಳಕು ತಳಕ್ಕ ಮುಟ್ಟಲ್ಲ, ಬೆಳಕಿಲ್ಲದೇ ಊಟ ಇದ್ದೂ ಉಪಯೋಗಿಲ್ಲ.

ಕಾಗಿಣಾ_ದಂಡಿ:
ಇಬ್ಬರಿಗೂ ಶರಣು. ಹೈಡ್ರಿಲ್ಲಾ ಕೆರಿಯಿಂದ ತಂದು ಬಕೆಟ್ಟಿನಾಗ ಇಟ್ಟೀನಿ. ತಿನ್ನೋ ಸೋಡಾನೂ ಬೈಕಾರ್ಬೊನೇಟೇ ಅಲ್ರಿ, ನೀರಿಗೆ ಅದರ ಒಂದು ಚಿಟಿಕಿ ಹಾಕಿ, ಗಿಡ ಬಿಡೋ ಆಮ್ಲಜನಕದ ಗುಳ್ಳಿ ಎಣಿಸಿದ್ರ ನಡೀತದೇನ್ರಿ?

ಭೀಮೆಯಿಂದ_ಮನ್ನಾರಿಗೆ:
ನಡೀತದ ಸರ್. ಬಿಸಿಲಿಗೆ ಇಡ್ರಿ, ಸೋಡಾ ಹಾಕೋಕಿಂತ ಮೊದಲು ಒಂದು ನಿಮಿಷ, ಹಾಕಿದ ಮ್ಯಾಲ ಒಂದು ನಿಮಿಷ ಎಣಿಸ್ರಿ. ಸೋಡಾ ಹಾಕಿದ್ರ ನೀರು ಆಮ್ಲ ಆಗಲ್ಲ, ಗಿಡಕ್ಕ ಕಾರ್ಬನ್ ಸಿಕ್ಕಿದ್ದಷ್ಟೇ ತೋರಸ್ತದ, ಅದನ್ನ ಮಕ್ಕಳಿಗೆ ಬಿಡಿಸಿ ಹೇಳ್ರಿ. ಪಕ್ಕದಾಗ ಆ ಪರಸಿ ಚೂರೂ ಇರಲಿ. ಅದೂ ಒಂದು ಕಾಲದಾಗ ಸಮುದ್ರದ ತಳದಾಗ ಕೂತ ಸುಣ್ಣನೇ.