ಏಳು ವರ್ಷವಾದರೂ ಹೂ ಬಿಡದ ಗುಲ್‌ಮೊಹರ್

ಪ್ರಶ್ನೆ (ದ್ರಾಕ್ಷಿ ಬೆಳೆಗಾರರು, ಚಿಕ್ಕಬಳ್ಳಾಪುರ): ನಮಸ್ಕಾರ ಸರ್. ಮನೆ ಮುಂದೆ ನೆರಳಿಗೆ ಅಂತ ಒಂದು ಗುಲ್‌ಮೊಹರ್ ನೆಟ್ಟಿದ್ದೆ. 7 ವರ್ಷ ಆಯ್ತು. 20 ಅಡಿ ಎತ್ತರ ಇದೆ, ಎಲೆ ಕಡುಹಸಿರು, ರೋಗ ಇಲ್ಲ. ಆದರೆ ಇಲ್ಲಿವರೆಗೆ ಒಂದೇ ಒಂದು ಹೂ ಕಂಡಿಲ್ಲ. ಮೇ ತಿಂಗಳಲ್ಲಿ ಊರಲ್ಲಿರೋ ಮರ ಎಲ್ಲ ಕೆಂಪಾಗಿದ್ರೆ ನಮ್ಮದೊಂದು ಹಸಿರು. ಅಮ್ಮ ಜಗಲಿ ಮೇಲೆ ಕೂತು ದಿನಾ ಅದನ್ನೇ ನೋಡ್ತಾರೆ. ಏನು ಕೊಡಬೇಕು ಹೇಳಿ, ಖರ್ಚಾದರೂ ಪರವಾಗಿಲ್ಲ.

ಉತ್ತರ (ಮರಗಳ ಆರೈಕೆ ತಜ್ಞ): ಏನೂ ಕೊಡೋ ಮುಂಚೆ ಸ್ವಲ್ಪ ವಿವರ ಬೇಕು. ಬೇಸಿಗೆಯಲ್ಲಿ ನೀರು ಹೇಗೆ? ಗೊಬ್ಬರ ಏನು ಹಾಕಿದ್ದೀರಿ? ಕೊಂಬೆ ಕತ್ತರಿಸಿದ್ದೀರಾ, ಯಾವಾಗ? ಮಾರ್ಚ್‌ನಲ್ಲಿ ಮರ ಎಲೆ ಉದುರಿಸಿ ಬೋಳಾಗುತ್ತಾ?

ಪ್ರಶ್ನೆ ಕೇಳಿದವರು: ತೋಟದ ಡ್ರಿಪ್ ಲೈನ್‌ನಿಂದ ಒಂದು ಪೈಪ್ ಎಳೆದಿದ್ದೀನಿ, ಬುಡದಲ್ಲೇ ಎರಡು ಡ್ರಿಪ್ಪರ್. ವರ್ಷವಿಡೀ ದಿನಾ ನೀರು. ದ್ರಾಕ್ಷಿಗೆ ಬಿಡೋ 19:19:19 ರಾಸಾಯನಿಕ ಗೊಬ್ಬರ ಇದಕ್ಕೂ ಹೋಗುತ್ತೆ, ಮೇಲೆ ಎರಡು ಮೂರು ಸಲ ಯೂರಿಯಾ. ಚಪ್ಪರದ ಥರ ಹರಡಲಿ ಅಂತ ವರ್ಷಕ್ಕೊಂದು ಸಲ ಚಾಟನಿ (ದ್ರಾಕ್ಷಿ ಬಳ್ಳಿ ಕತ್ತರಿಸೋ) ಆಳುಗಳ ಕೈಲಿ ತಲೆ ಹೊಡೆಸ್ತೀನಿ. ಬೋಳಾಗಿದ್ದು ನಾನು ನೋಡೇ ಇಲ್ಲ ಸರ್, ಯಾವಾಗಲೂ ಎಲೆ ಇರುತ್ತೆ.

ಉತ್ತರ: ನಿಮ್ಮ ಮರಕ್ಕೆ ಏನೂ ಕಡಿಮೆಯಾಗಿಲ್ಲ, ಎಲ್ಲ ಜಾಸ್ತಿಯಾಗಿದೆ. ನೀವು ಮರವನ್ನ ಬಳ್ಳಿ ಥರ ಸಾಕಿದ್ದೀರಿ. ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯೋರಿಗೆ ಈ ಯೋಚನೆ ಬರೋದು ಸಹಜ: ಚಾಟನಿ ಮಾಡಿದರೆ ಚಿಗುರು, ಚಿಗುರಿನಲ್ಲಿ ಗೊನೆ, ವರ್ಷಕ್ಕೆ ಎರಡು ಬೆಳೆ. ಗುಲ್‌ಮೊಹರ್ ಲೆಕ್ಕ ಇದಲ್ಲ.

ಇದರ ತವರು ಮಡಗಾಸ್ಕರ್ ದ್ವೀಪದ ಒಣ ಕಾಡು. ಅಲ್ಲಿ ಮಳೆಗಾಲ ಮುಗಿದರೆ ತಿಂಗಳುಗಟ್ಟಲೆ ನೀರಿಲ್ಲ. ಮರ ಎಲೆ ಉದುರಿಸಿ ಸುಮ್ಮನೆ ನಿಲ್ಲುತ್ತೆ, ಆ ವಿಶ್ರಾಂತಿ ಆದಮೇಲೆ ಹೂ ಕಟ್ಟುತ್ತೆ. ನಮ್ಮ ಚಿಕ್ಕಬಳ್ಳಾಪುರದ ಹವೆಯೂ ಅದಕ್ಕೆ ಹೇಳಿಮಾಡಿಸಿದ್ದು: ಅಕ್ಟೋಬರ್ ಮಳೆ ಹೋದಮೇಲೆ ಏಪ್ರಿಲ್‌ವರೆಗೆ ಭೂಮಿ ಒಣಗಿರುತ್ತೆ. ರಸ್ತೆ ಬದಿಯಲ್ಲಿ ಯಾರೂ ಒಂದು ಬಿಂದಿಗೆ ನೀರು ಹಾಕದ ಮರಗಳು ಮೇನಲ್ಲಿ ಉರಿಯೋ ಥರ ಅರಳೋದು ಇದಕ್ಕೇ. ನಿಮ್ಮ ಮರಕ್ಕೆ ಬೇಸಿಗೆ ಬಂದಿದೆ ಅಂತಲೇ ಗೊತ್ತಾಗಿಲ್ಲ.

ಎರಡನೆಯದು ಯೂರಿಯಾ. ಸಾರಜನಕ ಎಲೆ ಬೆಳೆಸುತ್ತೆ. ಕಡುಹಸಿರು ಅಂತ ಬರೆದಿರಲ್ಲ, ಅದೇ ಸಾಕ್ಷಿ. ಮೂರನೆಯದೇ ದೊಡ್ಡ ತಪ್ಪು, ತಲೆ ಹೊಡೆಸೋದು. ಈ ಮರ ಹೂಗೊಂಚಲು ಬಿಡೋದು ಬಲಿತ ರೆಂಬೆಗಳ ತುದಿ ಭಾಗದಲ್ಲಿ. ನೀವು ಪ್ರತಿ ವರ್ಷ ಆ ತುದಿಯನ್ನೇ ತೆಗೀತಿದ್ದೀರಿ. ಕತ್ತರಿಸಿದ ಜಾಗದಲ್ಲಿ ನೆಟ್ಟಗೆ ಮೇಲಕ್ಕೆ ಚಿಮ್ಮೋ ನೀರುಚಿಗುರು ಬರುತ್ತೆ, ಅದು ಬಲಿಯೋ ಮುಂಚೆ ಮತ್ತೆ ಕತ್ತರಿ. ಇನ್ನೂ ಒಂದು ಅಪಾಯ ಇದೆ: ಆ ಚಿಗುರುಗಳು ಕಾಂಡಕ್ಕೆ ಗಟ್ಟಿಯಾಗಿ ಬೆಸೆದಿರೋದಿಲ್ಲ. ಗುಲ್‌ಮೊಹರ್ ಕಟ್ಟಿಗೆ ಮೊದಲೇ ಪೆಡಸು. ಅಶ್ವಿನಿ, ಭರಣಿ ಮಳೆ ಜೊತೆ ಬರೋ ಗಾಳಿಗೆ ಬುಡಸಮೇತ ಕಿತ್ತು ಬೀಳುತ್ತವೆ. ಚಪ್ಪರದ ಆಸೆಗೆ ಕತ್ತರಿ ಬೇಕಾಗಿಯೇ ಇಲ್ಲ, ಕೊಡೆ ಥರ ಹರಡೋದು ಅದರ ಹುಟ್ಟುಗುಣ. ಬಿಟ್ಟರೆ ಎತ್ತರಕ್ಕಿಂತ ಅಗಲವೇ ಹೆಚ್ಚಾಗುತ್ತೆ.

ಈಗ ಮಾಡಬೇಕಾದ್ದು: ಡ್ರಿಪ್ಪರ್ ಬುಡದಿಂದ ಇವತ್ತೇ ತೆಗೀರಿ, ತೊಗಟೆ ಸದಾ ಒದ್ದೆಯಿದ್ದರೆ ಕೊಳೆಯುತ್ತೆ. ಒಂದೇ ಸಲ ನೀರು ನಿಲ್ಲಿಸಬೇಡಿ, ಬೇರುಗಳೆಲ್ಲ ಆ ಎರಡು ಡ್ರಿಪ್ಪರ್ ಸುತ್ತಲೇ ಸೇರಿರುತ್ತವೆ. ಈಗ ಹೇಗೂ ಮಳೆಯ ತೇವ ಇದೆ. ಹದಿನೈದು ದಿನಕ್ಕೊಮ್ಮೆ, ಕೊಂಬೆ ಹರಡಿರೋ ಅಂಚಿನ ಕೆಳಗೆ ನೀರು ಬಿಡಿ, ಡಿಸೆಂಬರ್‌ನಲ್ಲಿ ಪೂರ್ತಿ ನಿಲ್ಲಿಸಿ. ಎಲೆ ಹಳದಿಯಾಗಿ ಉದುರಿದಾಗ ಮರ ಸಾಯ್ತಿದೆ ಅಂತ ಹೆದರಿ ಪೈಪ್ ತಿರುಗಿಸಬೇಡಿ. ರಾಸಾಯನಿಕ ಗೊಬ್ಬರ ಬೇಡ. ಮುಂಗಾರು ಶುರುವಾದಾಗ ಎರಡು ಬುಟ್ಟಿ ಕೊಳೆತ ಕೊಟ್ಟಿಗೆ ಗೊಬ್ಬರ ಸಾಕು.

ಬರೋ ಮೇಗೇ ಹೂ ಬರುತ್ತೆ ಅಂತ ಮಾತು ಕೊಡಲಾರೆ. ಬೀಜದ ಸಸಿ ಹೂ ಬಿಡೋಕೆ 5 ವರ್ಷವೂ ಆಗಬಹುದು, 10 ವರ್ಷವೂ ಆಗಬಹುದು, ಅದರ ಮೇಲೆ ನಿಮ್ಮ ಚಾಟನಿ ಅದನ್ನ ಹಿಂದಕ್ಕೆ ತಳ್ಳಿದೆ. ಎರಡು ಬೇಸಿಗೆ ಕಾಯಿರಿ. ಅಮ್ಮನಿಗೂ ಹಾಗೇ ಹೇಳಿ.

ಶಿಡ್ಲಘಟ್ಟದ ಸದಸ್ಯರು: ಸರ್, ನಮ್ಮ ಕಡೆ ಹೂ ಬಿಡದ ಮರಕ್ಕೆ ಮೊಳೆ ಹೊಡೀತಾರೆ, ಬುಡಕ್ಕೆ ಉಪ್ಪು ಹಾಕ್ತಾರೆ. ಪಕ್ಕದ ಮನೆಯವರ ನುಗ್ಗೆಗೆ ಹೊಡೆದ ಮೇಲೆ ಬಿಡ್ತು.

ಉತ್ತರ: ದಯವಿಟ್ಟು ಬೇಡ. ಮೊಳೆ ಹೊಡೆದ ಗಾಯದಿಂದ ಶಿಲೀಂಧ್ರ, ಕಾಂಡಕೊರಕ ಒಳಗೆ ಹೋಗುತ್ತವೆ. ನುಗ್ಗೆ ಆ ವರ್ಷ ಹೇಗೂ ಬಿಡುತ್ತಿತ್ತು. ಉಪ್ಪು ಮಣ್ಣನ್ನೇ ಕೆಡಿಸುತ್ತೆ, ಪಕ್ಕದ ಗಿಡಕ್ಕೂ ಹೊಡೆತ.

ಗೌರಿಬಿದನೂರಿನ ಸದಸ್ಯರು: ನಮ್ಮ ಮನೆ ಮುಂದಿನ ಫುಟ್‌ಪಾತ್‌ನಲ್ಲಿ ಹಳೇ ಗುಲ್‌ಮೊಹರ್ ಇದೆ. ಚೆನ್ನಾಗಿ ಹೂ ಬಿಡುತ್ತೆ. ಕೆಲವು ವರ್ಷದ ಹಿಂದೆ ರಸ್ತೆ ಕೆಲಸದವರು ಬುಡದವರೆಗೂ ಕಾಂಕ್ರೀಟ್ ಸುರಿದು ಹೋದರು, ಒಂದು ಕಡೆ ಬೇರನ್ನೂ ಕಡಿದರು. ಈಗ ಬುಡದಲ್ಲಿ ಕಂದುಬಣ್ಣದ, ಗಟ್ಟಿಯಾದ, ಮೇಲೆ ಮೆರುಗು ಇರೋ ಅಣಬೆ ಎದ್ದಿದೆ. ಕಿತ್ತರೆ ಮತ್ತೆ ಬರುತ್ತೆ. ಏನಾದರೂ ಔಷಧಿ?

ಉತ್ತರ: ಅಣ್ಣ, ಇದನ್ನ ತಡ ಮಾಡಬೇಡಿ. ನೀವು ಹೇಳೋ ಲಕ್ಷಣ ಗ್ಯಾನೋಡರ್ಮಾ ಅನ್ನೋ ಶಿಲೀಂಧ್ರದ್ದು, ತೆಂಗಿನ ಅಣಬೆ ರೋಗ ಅಂತ ರೈತರು ಹೇಳ್ತಾರಲ್ಲ, ಅದೇ ಕುಲ. ಹೊರಗೆ ಅಣಬೆ ಕಾಣುವಷ್ಟರಲ್ಲಿ ಒಳಗೆ ಬೇರು, ಬುಡ ಎಷ್ಟೋ ಕೊಳೆತಿರುತ್ತೆ. ಆ ಹಂತದಲ್ಲಿ ಕೈಗೆ ಸಿಗೋ ಔಷಧಿ ಇಲ್ಲ. ಮೇಲೆ ಹೂ, ಎಲೆ ಎಲ್ಲ ಚೆನ್ನಾಗಿದ್ದೂ ಗಾಳಿಗೆ ಬುಡಮೇಲಾದ ಮರಗಳನ್ನ ನಾನೇ ನೋಡಿದ್ದೀನಿ. ಇದರ ಬೇರು ಆಳಕ್ಕೆ ಹೋಗದೆ ಮೇಲ್ಮಣ್ಣಿನಲ್ಲೇ ಹರಡುತ್ತೆ, ಒಂದು ಪಕ್ಕ ಕಡಿದರೆ ಹಿಡಿತ ಅರ್ಧ ಹೋದಂತೆ. ಕೆಳಗೆ ಕಾರು ನಿಲ್ಲಿಸಬೇಡಿ, ಮಕ್ಕಳನ್ನ ಆಡೋಕೆ ಬಿಡಬೇಡಿ.

ಆದರೆ ನೀವೇ ಕಡಿಸಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗಳ ಅನುಮತಿ ಬೇಕು. ಅಣಬೆಯ ಫೋಟೊ, ಮರ ವಾಲಿದ್ದರೆ ಅದರ ಫೋಟೊ ಸೇರಿಸಿ ಅರ್ಜಿ ಕೊಡಿ, ಸ್ಥಳಕ್ಕೆ ಬಂದು ನೋಡಿ ಅಂತ ಕೇಳಿ. ಹೂ ಬಿಡೋ ಮರವನ್ನ ತೆಗೀರಿ ಅಂತ ಬರೆಯೋದು ನನಗೆ ಎಷ್ಟು ಕಷ್ಟ ಅಂತ ನಿಮಗೆ ಗೊತ್ತಾಗಲಿ. ಬುಡದ ಸುತ್ತ ನಾಲ್ಕಡಿ ಮಣ್ಣು ಬಿಟ್ಟಿದ್ದರೆ, ಬೇರು ಕಡಿಯದಿದ್ದರೆ ಅದಕ್ಕೆ ಈ ಗತಿ ಬರೋ ಸಾಧ್ಯತೆ ಬಹಳ ಕಡಿಮೆ ಇತ್ತು.

ಚಿಂತಾಮಣಿಯ ಸದಸ್ಯರು: ಇದೆಲ್ಲ ಓದಿ ಭಯ ಆಯ್ತು ಮೇಷ್ಟ್ರೇ. ನಮ್ಮದು 30×40 ಸೈಟು. ಗುಲ್‌ಮೊಹರ್ ಸಸಿ ತಂದಿಟ್ಟಿದ್ದೀನಿ, ನೆಡಲಾ?

ಉತ್ತರ: ಅಲ್ಲಿ ಬೇಡಮ್ಮ. ಗೋಡೆ, ಸಂಪು, ಚರಂಡಿಯಿಂದ ಕನಿಷ್ಠ 20 ಅಡಿ ದೂರ ಇಲ್ಲದ ಕಡೆ ನಾನು ಇದನ್ನ ನೆಡಿಸೋದಿಲ್ಲ. ಆ ಸಸಿಯನ್ನ ಊರಿನ ಶಾಲೆಯ ಮೈದಾನದ ಅಂಚಿಗೋ ಹೊಲದ ಬದಿಗೋ ಕೊಡಿ. ಮನೆ ಮುಂದೆ ರಸ್ತೆ ಕಡೆ ಜಾಗ ಇದ್ದರೆ ಹೊಂಗೆ ಹಾಕಿ. ಬೇರು ಆಳಕ್ಕೆ ಇಳಿಯುತ್ತೆ, ಬರ ತಡೆಯುತ್ತೆ, ಯುಗಾದಿ ಹೊತ್ತಿಗೆ ಹೊಸ ಎಲೆ ತುಂಬಿ ಬಿಸಿಲು ಜೋರಾಗೋ ಸಮಯಕ್ಕೆ ಸರಿಯಾಗಿ ನೆರಳು ಕೊಡುತ್ತೆ. ಗುಲ್‌ಮೊಹರ್ ಮಾರ್ಚ್‌ನಲ್ಲಿ ಬೋಳು, ನೆರಳಿಗೆ ಅಂತಲೇ ನೆಡೋರು ಇದನ್ನ ಮರೀತಾರೆ. ಹೊಂಗೆ ಎಲೆ ಮೇಲೆ ಸಣ್ಣ ಗಂಟು ಬಂದರೆ ಹೆದರಬೇಡಿ, ಅದು ನುಸಿಯ ಕೆಲಸ, ಮರಕ್ಕೆ ದೊಡ್ಡ ತೊಂದರೆಯಿಲ್ಲ. ಎರಡಡಿ ಗುಂಡಿ ತೋಡಿ, ಕವರ್ ಹರಿದು ನೋಡಿ. ಬೇರು ಸುರುಳಿ ಸುತ್ತಿಕೊಂಡಿದ್ದರೆ ಬಿಡಿಸಿ ನೆಡಿ, ಇಲ್ಲವಾದರೆ ಹತ್ತು ವರ್ಷದ ಮೇಲೆ ಅದೇ ಬೇರು ಮರದ ಕತ್ತು ಹಿಸುಕುತ್ತೆ.

ಪ್ರಶ್ನೆ ಕೇಳಿದವರು: ಸರ್, ಡ್ರಿಪ್ಪರ್ ತೆಗೆದೆ. ನೀರುಚಿಗುರು ಎಲ್ಲ ಕಡಿದುಬಿಡಲಾ?

ಉತ್ತರ: ಎಲ್ಲ ಅಲ್ಲ. ಒಂದೊಂದು ಮೋಟಿನ ಮೇಲೆ ಹೊರಗಡೆಗೆ ವಾಲಿರೋ ಒಂದನ್ನ ಉಳಿಸಿ, ಅದು ಕೊಂಬೆಯಾಗಲಿ. ಉಳಿದವನ್ನ ಒಂದೇ ವರ್ಷ ತೆಗೀಬೇಡಿ, ಈ ವರ್ಷ ಅರ್ಧ. ದಪ್ಪ ಇದ್ದರೆ ಮೊದಲು ಕೆಳಗಿನಿಂದ ಸ್ವಲ್ಪ ಗರಗಸ ಆಡಿಸಿ, ಆಮೇಲೆ ಮೇಲಿನಿಂದ ಕತ್ತರಿಸಿ, ತೊಗಟೆ ಸೀಳೋದಿಲ್ಲ. ಕೊಂಬೆ ಹುಟ್ಟೋ ಜಾಗದ ಉಬ್ಬು ಉಳಿಸಿ. ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ನಿಮ್ಮ ಮನೆಯಲ್ಲೇ ಇರುತ್ತೆ, ದೊಡ್ಡ ಗಾಯಕ್ಕೆ ಹಚ್ಚಿ. ಈ ಕೆಲಸಕ್ಕೆ ಚಾಟನಿ ಆಳುಗಳನ್ನ ಕರೆದರೆ ಪಕ್ಕದಲ್ಲೇ ನಿಂತಿರಿ. ಮಾರ್ಚ್‌ನಲ್ಲಿ ಎಲೆ ಉದುರಿದ ಮೇಲೆ ಒಂದು ಫೋಟೊ ಹಾಕಿ.