ನಿಮ್ನ ದರ್ಪಣ (ಒಳಗೆ ತಗ್ಗಿದ ಕನ್ನಡಿ): 20 ಸೆಂ.ಮೀ.ನಲ್ಲಿ ಪರದೆಯ ಮೇಲೆ ಪ್ರತಿಬಿಂಬ ಸಿಗುತ್ತಿಲ್ಲ

ಬದಿಯಡ್ಕದಿಂದ:
ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಪ್ರಯೋಗ ತೋರಿಸಬೇಕು. ಕಿಟಕಿಯಾಚೆಯ ಕಂಗಿನ ತೋಟವನ್ನು ಕಾಗದದ ಮೇಲೆ ಮೂಡಿಸಿ ಅಳೆದಾಗ ಸಂಗಮ ದೂರ (ದೂರದಿಂದ ಬಂದ ಬೆಳಕು ಕೂಡುವ ಬಿಂದುವಿಗೆ ದರ್ಪಣದಿಂದ ಇರುವ ದೂರ) 15 ಸೆಂ.ಮೀ. ಬಂತು. ಮೇಣದಬತ್ತಿಯನ್ನು ದರ್ಪಣದಿಂದ 45 ಸೆಂ.ಮೀ.ನಲ್ಲಿಟ್ಟರೆ ಪುಟ್ಟ ಜ್ವಾಲೆ ತಲೆಕೆಳಗಾಗಿ ಅಚ್ಚುಕಟ್ಟಾಗಿ ಬೀಳುತ್ತದೆ. 20ಕ್ಕೆ ತಂದರೆ ಮಾಯ. ದರ್ಪಣಕ್ಕೂ ಬತ್ತಿಗೂ ನಡುವೆ ಪರದೆಯನ್ನು ಇಂಚಿಂಚಾಗಿ ಸರಿಸಿದ್ದಾಯಿತು. 12ರಲ್ಲೂ ಅದೇ ಕಥೆ. ದರ್ಪಣ ಬದಲಿಸಬೇಕೇ?

ಕುಂಬಳೆಯಿಂದ:
ತೋಟ ಮೂಡಿಸಿದ ದರ್ಪಣಕ್ಕೆ ಏನೂ ಆಗಿಲ್ಲ. ಹುಡುಕುವ ಜಾಗ ಬೇರೆ. ವಕ್ರತಾ ಕೇಂದ್ರ (ದರ್ಪಣ ಯಾವ ಗೋಳದ ತುಂಡೋ ಆ ಗೋಳದ ಕೇಂದ್ರ) ಇರುವುದು ಸಂಗಮ ದೂರದ ಎರಡರಷ್ಟರಲ್ಲಿ, ಅಂದರೆ 30ರಲ್ಲಿ. ಬತ್ತಿ ಅದರಾಚೆ ಇದ್ದಾಗ ಪ್ರತಿಬಿಂಬ ಈಚೆ, 15ಕ್ಕೂ 30ಕ್ಕೂ ನಡುವೆ. ಬತ್ತಿ 30 ದಾಟಿ ಒಳಬಂದರೆ ಪ್ರತಿಬಿಂಬ ಬತ್ತಿಯ ಬೆನ್ನ ಹಿಂದಕ್ಕೆ ಹೋಗುತ್ತದೆ. ಸಂಗಮ ದೂರದ ವಿಲೋಮದಿಂದ ಬತ್ತಿಯ ದೂರದ ವಿಲೋಮ ಕಳೆದರೆ ಪ್ರತಿಬಿಂಬದ ದೂರದ ವಿಲೋಮ: 1/15ರಿಂದ 1/20 ಕಳೆಯಿರಿ, 1/60 ಉಳಿಯುತ್ತದೆ. ಪರದೆಯನ್ನು 60ರಲ್ಲಿ ಹಿಡಿಯಿರಿ. 12ರಲ್ಲಿ ಮಾತ್ರ ಪರದೆಯನ್ನು ಎಲ್ಲಿಟ್ಟರೂ ಸಿಗದು. ಬತ್ತಿ ಸಂಗಮ ದೂರಕ್ಕಿಂತ ಒಳಗಿರುವುದರಿಂದ ಅದು ಮಿಥ್ಯ ಪ್ರತಿಬಿಂಬ, ಬೆಳಕು ನಿಜವಾಗಿ ಅಲ್ಲಿ ಕೂಡುವುದಿಲ್ಲ. ದರ್ಪಣದೊಳಕ್ಕೇ ನೋಡಿ, ಐದು ಪಟ್ಟು ದೊಡ್ಡ ಜ್ವಾಲೆ ನೆಟ್ಟಗೆ ನಿಂತಿರುತ್ತದೆ.

ಬದಿಯಡ್ಕದಿಂದ:
60ರಲ್ಲಿ ಏನೋ ಇದೆ, ಆದರೆ ಬಹಳ ಮಸುಕು. ಹಿಂದಿನ ಬೆಂಚಿನವರಿಗೆ ಕಾಣದು.

ಮಂಜೇಶ್ವರದಿಂದ:
ಮಸುಕಾಗಲೇಬೇಕು. ಚಿತ್ರ ಮೂರು ಪಟ್ಟು ಹಿಗ್ಗಿದೆ. 45ರಲ್ಲಿ ಕಂಡದ್ದಕ್ಕೆ ಹೋಲಿಸಿದರೆ ಪ್ರಖರತೆ ಹೆಚ್ಚುಕಡಿಮೆ ಏಳರಲ್ಲೊಂದು ಪಾಲು. ಸಾಲದ್ದಕ್ಕೆ ಬತ್ತಿಯ ನೇರ ಬೆಳಕು ಪರದೆಗೆ ಬಿದ್ದು ಇದ್ದಬದ್ದದ್ದನ್ನೂ ಅಳಿಸುತ್ತದೆ. ಜ್ವಾಲೆಗೂ ಪರದೆಗೂ ನಡುವೆ, ಜ್ವಾಲೆಯ ಹತ್ತಿರವೇ ತಗಡಿನ ಸಣ್ಣ ತುಂಡೊಂದನ್ನು ನಿಲ್ಲಿಸಿ. ದರ್ಪಣವನ್ನು ತುಸು ಓರೆ ಮಾಡಿದರೆ ಪ್ರತಿಫಲಿಸಿದ ಬೆಳಕು ತಗಡಿನ ಪಕ್ಕದಿಂದ ಹಾದುಹೋಗುತ್ತದೆ. ನಮ್ಮ ಕಡೆಯ ಆಷಾಢದ ಮಧ್ಯಾಹ್ನವಾದರೆ ಕಿಟಕಿ ಮುಚ್ಚಿದರೆ ಸಾಕು, ಕತ್ತಲೆಗೆ ಬರವಿಲ್ಲ.

ನನ್ನನ್ನು ಕೇಳಿದರೆ 20ಕ್ಕಿಂತ 30ರ ಆಟವೇ ಸೊಗಸು. ಜ್ವಾಲೆಯ ಪಕ್ಕದಲ್ಲೇ ಹಿಡಿದ ರಟ್ಟಿನ ಮೇಲೆ ಅಷ್ಟೇ ಎತ್ತರದ ತಲೆಕೆಳಗಾದ ಜ್ವಾಲೆ. ನಿಜವಾದದ್ದರ ತುದಿ ಗಾಳಿಗೆ ಎಡಕ್ಕೆ ಬಾಗಿದರೆ ರಟ್ಟಿನ ಮೇಲಿನದು ಬಲಕ್ಕೆ ಬಾಗುತ್ತದೆ.

ಬದಿಯಡ್ಕದಿಂದ:
ತಗಡು ಕೆಲಸ ಮಾಡಿತು, ವಂದನೆಗಳು. 16ರಲ್ಲಿಟ್ಟು ಗೋಡೆಯ ಮೇಲೆಯೇ ಮೂಡಿಸಬಹುದೇ?

ಕುಂಬಳೆಯಿಂದ:
ಬತ್ತಿಯಿಂದ ಕಷ್ಟ. 17ರಲ್ಲಿಟ್ಟರೆ ಪ್ರತಿಬಿಂಬ 127.5ರಲ್ಲಿ, 16ರಲ್ಲಿಟ್ಟರೆ 240ರಲ್ಲಿ. ಸಂಗಮದ ಹತ್ತಿರ ಒಂದೇ ಸೆಂಟಿಮೀಟರಿಗೆ ಇಷ್ಟು ಓಟ, ಜ್ವಾಲೆಯ ದಪ್ಪವೇ ಸುಮಾರು ಅಷ್ಟಿರುತ್ತದೆ. ರಟ್ಟಿನಲ್ಲಿ ಬಾಣದ ಗುರುತು ಕತ್ತರಿಸಿ, ಅದರ ಹಿಂದೆ ತೆಳುಕಾಗದ ಅಂಟಿಸಿ, ಮೊಬೈಲಿನ ಟಾರ್ಚ್ ಹಿಡಿಯಿರಿ. 17ರಿಂದ ಶುರುಮಾಡಿ.