ಅಗೆತದಲ್ಲಿ ಎಲುಬು ಸಿಕ್ಕರೆ ಡಿಜಿಟಲ್ ನಕ್ಷೆ ಹೇಗೆ ಮಾಡೋದು? ಮಾಡಿದವರು ಹೇಳಿ

ಕೇಳಿದ್ದು:
ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೇನೆ. ಯಾದಗಿರಿ ಕಡೆ ಒಂದು ಶಿಲಾಗೋರಿಯ (ದೊಡ್ಡ ಕಲ್ಲುಗಳಿಂದ ಕಟ್ಟಿದ ಪ್ರಾಚೀನ ಸಮಾಧಿ) ಅಗೆತ ಇದೆ, ಅನುಮತಿ ಎಲ್ಲ ಆಗಿದೆ. ಫೋಟೋ, ನಕ್ಷೆ ಕೆಲಸ ನೀನೇ ನೋಡಿಕೋ ಅಂತ ಗೈಡ್ ಹೇಳಿಬಿಟ್ಟರು. ಮನುಷ್ಯರ ಎಲುಬು ಸಿಗಬಹುದಂತೆ. ನನ್ನ ಹತ್ತಿರ ಇರೋದು ಫೋನು, ಒಂದು ಹಳೇ ಲ್ಯಾಪ್‌ಟಾಪ್, ಅಷ್ಟೇ. ಡ್ರೋನ್ ಬೇಕೇ ಬೇಕಾ? ಎಲ್ಲಿಂದ ಶುರು ಮಾಡಲಿ?

ಶಹಾಪುರದಿಂದ:
ತಂಗಿ, ಡ್ರೋನ್ ಆಮೇಲೆ. ಮೊದಲು ಮೊಳೆ. ನಮ್ಮದು ಎರೆಮಣ್ಣು, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಸಲ ನಾವು ಕಂಟ್ರೋಲ್ ಪಾಯಿಂಟ್ ಮೊಳೆಗಳನ್ನು, ಅಂದರೆ ಎಲ್ಲ ಅಳತೆಗೂ ಆಧಾರವಾಗೋ ಗುರುತುಗಳನ್ನು, ಗುಂಡಿಯಿಂದ ಎರಡೇ ಹೆಜ್ಜೆ ದೂರ ಹೊಡೆದಿದ್ದೆವು. ಹತ್ತು ದಿನ ಕಳೆಯೋದರೊಳಗೆ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯೋ ಸರ್ವೆ ಯಂತ್ರ) ನಾಲ್ಕು ಸೆಂಟಿಮೀಟರ್ ಬೇರೆ ಲೆಕ್ಕ ಕೊಡೋಕೆ ಶುರು ಮಾಡಿತು. ಯಂತ್ರ ಕೆಟ್ಟಿದೆ ಅಂತ ಅರ್ಧ ದಿನ ಅದಕ್ಕೇ ಬೈದೆವು. ಕೊನೆಗೆ ಚಹಾ ತಂದ ಹುಡುಗ ಹೇಳಿದ, "ಸರ, ಮೊಳಿ ವಾಲ್ಯಾವಲ್ರೀ" ಅಂತ. ನೋಡಿದರೆ ಎರಡು ಮೊಳೆ ಗುಂಡಿ ಕಡೆಗೇ ಬಾಗಿದ್ದವು! ಆಮೇಲಿಂದ ಸಿಕ್ಕ ಬಂಡೆ ಮೇಲೋ ಸೇತುವೆ ಕಟ್ಟೆ ಮೇಲೋ ಕನಿಷ್ಠ ಮೂರು ಗುರುತು ದೂರದಲ್ಲಿ ಇಟ್ಟುಕೊಂಡು ದಿನಾ ಬೆಳಿಗ್ಗೆ ಅವನ್ನು ನೋಡಿಯೇ ಕೆಲಸ ಶುರು ಮಾಡುತ್ತೇವೆ.

ಫೋನಿನ ಜಿಪಿಎಸ್ ನಂಬಬೇಡ. ಅದು ಮೂರ್ನಾಲ್ಕು ಮೀಟರ್ ಆಚೀಚೆ ತೋರಿಸುತ್ತದೆ, ಅಷ್ಟರಲ್ಲಿ ಇಡೀ ಗೋರಿಯೇ ಮುಗಿದುಹೋಗಿರುತ್ತದೆ. ಹೊಲದ ಸರ್ವೆ ನಂಬರ್ ನೋಡೋಕೆ ದಿಶಾಂಕ್ ಆಪ್ ಸಾಕು. ಅಳತೆಗೆ ಟೋಟಲ್ ಸ್ಟೇಷನ್ ಅಥವಾ ಆರ್‌ಟಿಕೆ (ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ತೋರಿಸೋ ಜಿಪಿಎಸ್) ಯಂತ್ರವೇ ಆಗಬೇಕು, ಬಾಡಿಗೆಗೆ ತರಬಹುದು. ನಕ್ಷೆ ಮಾಡೋ ತಂತ್ರಾಂಶ ಕ್ಯೂಜಿಐಎಸ್ ಉಚಿತ, ಇವತ್ತೇ ಹಾಕಿಕೋ. ನಮ್ಮ ಯಾದಗಿರಿ, ಕಲಬುರಗಿ, ಬೀದರ್ ಮೂರೂ ಜಿಲ್ಲೆ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯೋ ಪದ್ಧತಿ) 43 ಉತ್ತರ ವಲಯದಲ್ಲಿ ಬರುತ್ತವೆ, ತಂತ್ರಾಂಶದಲ್ಲಿ ಅದನ್ನು ಗುರುತಿಸೋ ಇಪಿಎಸ್‌ಜಿ ನಂಬರ್ 32643. ಪ್ರಾಜೆಕ್ಟ್ ತೆರೆದ ತಕ್ಷಣ ಅದನ್ನೇ ಇಡು.

ಬೀದರ್‌ನಿಂದ:
ಡ್ರೋನ್ ಬಗ್ಗೆ ಹೇಳಿಬಿಡ್ತೀನಿ. ಸುಮ್ನೆ ಹಾರಿಸೋ ಹಾಗಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಮೊದಲು ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯ ನೋಡಬೇಕು. ನಮ್ಮ ಊರಲ್ಲಿ ವಾಯುಪಡೆಯ ನೆಲೆ ಇದೆ, ಆದ್ದರಿಂದ ನಾವು ಆ ಆಸೆಯನ್ನೇ ಬಿಟ್ಟೆವು. ಸುಣ್ಣ ಹೊಡೆಯೋರ ಉದ್ದ ಕೋಲಿನ ತುದಿಗೆ ಫೋನ್ ಕಟ್ಟಿ, ಟೈಮರ್ ಹಾಕಿ ಮೇಲಿಂದ ತೆಗೆದೆವು. ಒಂದು ಗೋರಿಗೆ ಅಷ್ಟು ಧಾರಾಳ ಸಾಕು.

ಕಲಬುರಗಿಯಿಂದ, ಎಲುಬಿನ ಕೆಲಸ ಮಾಡುವವರು:
ಫೋಟೋದಿಂದ ಮೂರು ಆಯಾಮದ ಮಾದರಿ ಮಾಡೋದು ಕಷ್ಟ ಅಲ್ಲಮ್ಮ. ಒಂದು ಚಿತ್ರದಲ್ಲಿ ಬಂದ ಜಾಗದ ಮುಕ್ಕಾಲು ಪಾಲು ಮುಂದಿನದರಲ್ಲೂ ಬರಬೇಕು. ಕೆಳಗಿಂದ ಒಂದು ಸುತ್ತು, ಸ್ವಲ್ಪ ಎತ್ತರದಿಂದ ಇನ್ನೊಂದು ಸುತ್ತು, ಆಮೇಲೆ ನೇರ ಮೇಲಿಂದ. ಝೂಮ್ ಮುಟ್ಟಬೇಡ. ಅಳತೆ ಪಟ್ಟಿ ಚಿತ್ರದೊಳಗೇ ಇರಲಿ. ಚಿತ್ರ ಜೋಡಿಸಿ ಮಾದರಿ ಮಾಡೋ ತಂತ್ರಾಂಶಗಳಲ್ಲಿ ಮೆಟಾಶೇಪ್‌ಗೆ ದುಡ್ಡು ಕೊಡಬೇಕು, ವೆಬ್‌ಓಡಿಎಂ ಮುಕ್ತ ತಂತ್ರಾಂಶ. ಹಳೇ ಲ್ಯಾಪ್‌ಟಾಪ್ ಆದರೆ ರಾತ್ರಿ ಹಚ್ಚಿಟ್ಟು ಮಲಗು.

ನೆರಳಿನದೇ ದೊಡ್ಡ ತಲೆನೋವು. ಅರ್ಧ ಬಿಸಿಲು ಅರ್ಧ ನೆರಳು ಬಿದ್ದರೆ ಎಲುಬು ಬೆಳ್ಳಗೆ ಸುಟ್ಟ ಹಾಗೆ ಕಾಣುತ್ತದೆ, ಮಾದರಿಯಲ್ಲಿ ಅಲ್ಲಿ ತೂತೇ ಬೀಳುತ್ತದೆ. ಅದಕ್ಕೆ ಒಂದು ಸಲ ಊರಲ್ಲಿ ಸಿಕ್ಕ ಮದುವೆ ಶಾಮಿಯಾನ ಕಟ್ಟಿಸಿದೆ. ಕೆಂಪು ಶಾಮಿಯಾನ! ಚಿತ್ರ ನೋಡಿದ ತಜ್ಞರು, "ಹೆಣಕ್ಕೆ ಕೆಮ್ಮಣ್ಣು ಬಳಿದಿದ್ದಾರಲ್ಲ, ತುಂಬ ಮುಖ್ಯ" ಅಂದರು. ನನಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ. ಬಿಳಿ ಬಟ್ಟೆಯನ್ನೇ ಕಟ್ಟಿಸು, ನಿಜವಾದ ಬಣ್ಣ ಹೋಲಿಸಿ ನೋಡೋಕೆ ಬಣ್ಣದ ಪಟ್ಟಿಯನ್ನೂ ಪಕ್ಕಕ್ಕಿಡು.

ಇನ್ನೊಂದು ಮಾತು, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮೇಲಿನದು. ಎಲುಬಿನ ಗೆರೆ ಎಳೆಯೋದನ್ನು ಮನೆಗೆ ಬಂದು ಮಾಡ್ತೀನಿ ಅನ್ನಬೇಡ. ಮೇಲಿಂದ ತೆಗೆದ ಚಿತ್ರವನ್ನು ಅಲ್ಲೇ ತೆರೆದು, ಎಲುಬು ಇನ್ನೂ ಮಣ್ಣಲ್ಲಿ ಇರುವಾಗಲೇ ಒಂದೊಂದಕ್ಕೂ ನಂಬರ್ ಕೊಟ್ಟು ಗೆರೆ ಎಳೆ. ಎಡಗೈಯದೋ ಬಲಗೈಯದೋ, ಯಾವುದು ಯಾವುದರ ಮೇಲೆ ಬಿದ್ದಿದೆ, ಇದನ್ನೆಲ್ಲ ಮಾದರಿ ತಾನಾಗಿ ಹೇಳೋದಿಲ್ಲ. ನಾನು ಮನೆಯಲ್ಲಿ ಕೂತು ಒಂದು ಜಾಲಿ ಬೇರನ್ನು ಪಕ್ಕೆಲುಬು ಅಂತ ಎಳೆದಿದ್ದೆ. ಎಲುಬು ಎತ್ತಿದ ಮೇಲೆ ಹೋಗಿ ನೋಡೋಣ ಅಂದರೆ ಅಲ್ಲಿ ಇರೋದು ಬರೀ ಗುಂಡಿ.

ಕೈಗವಸು ಹಾಕು, ಬಿದಿರಿನ ಕಡ್ಡಿ ಬಳಸು. ಎಲುಬು ಬಿಸಿಲಿಗೆ ಗಬಕ್ಕನೆ ಒಣಗಿದರೆ ಸೀಳುತ್ತದೆ.

ಜೇವರ್ಗಿಯಿಂದ:
ಕಲಬುರಗಿ ಅಕ್ಕೋರು ಹೇಳಿದ್ದು ಸರಿ. ನಮ್ಮ ಜೇವರ್ಗಿ ಹತ್ತಿರದ ಕಲ್ಲುಗುಪ್ಪೆ ಗೋರಿಗಳನ್ನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೇ ಶತಮಾನದ ನಡುವಿನಲ್ಲೇ ಅಗೆಸಿದ್ದ. ಮಣ್ಣಿನ ಪದರ, ಅಸ್ಥಿಪಂಜರ ಎಲ್ಲಿ ಹೇಗಿತ್ತು ಅನ್ನೋದನ್ನು ಸೀಳುನೋಟದ (ನೆಲ ಸೀಳಿ ಪಕ್ಕದಿಂದ ನೋಡಿದ ಹಾಗಿನ) ಚಿತ್ರ ಬರೆದು ತೋರಿಸಿದ. ಕ್ಯಾಮೆರಾ ಕೆಲಸ ಅಲ್ಲ ಅದು, ಕೈಬರಹ. ನೋಟ್‌ಬುಕ್ಕು, ಪೆನ್ಸಿಲ್ಲು ಬಿಡಬೇಡಿ. ಬ್ಯಾಟರಿ ಸತ್ತ ದಿನ ಗೊತ್ತಾಗುತ್ತದೆ.

ಮತ್ತೆ ಶಹಾಪುರದಿಂದ:
ಒಂದು ಮರೆತೆ. ಫೋಟೋದ ಲೊಕೇಷನ್ ತೆಗೆಯದೆ ಯಾರಿಗೂ ವಾಟ್ಸಾಪ್ ಫೈಲ್ ಕಳಿಸಬೇಡ. ನಿಧಿ ತೋಡೋರು ನಮ್ಮ ಕಡೆ ಕಡಿಮೆ ಇಲ್ಲ. ನಾವು ಜಾಗದ ಚಿತ್ರ ಹಂಚಿದ ಮೂರನೇ ರಾತ್ರಿಯೇ ಪಕ್ಕದ ಗೋರಿಗೆ ಗುದ್ದಲಿ ಬಿದ್ದಿತ್ತು, ನಿಂಬೆಹಣ್ಣು ಕುಂಕುಮ ಸಮೇತ. ಊರಿನವರು ನೋಡೋಕೆ ಬಂದರೆ ಓಡಿಸಬೇಡ, ಕೂತು ತೋರಿಸು. ಸತ್ತವರನ್ನು ಯಾಕೆ ಎಬ್ಬಿಸ್ತೀರಿ ಅಂತ ಒಬ್ಬ ಅಜ್ಜಿ ಕೇಳಿಯೇ ಕೇಳುತ್ತಾಳೆ. ಅದಕ್ಕೆ ನಿನ್ನ ಗೈಡ್ ಉತ್ತರ ಕೊಡಲಿ.

ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಸೇತುವೆ ಹತ್ತಿರವೇ ಇದೆ, ಗುರುತಿಗೆ ಜಾಗ ಆಯ್ತು. ಕೋಲು ನಮ್ಮ ಕಾಕಾ ಹತ್ತಿರ ಸಿಗುತ್ತದೆ. ಬಿಳಿ ಶಾಮಿಯಾನ ಮಾತ್ರ ಈ ಮದುವೆ ಸೀಜನ್‌ನಲ್ಲಿ ಯಾರೂ ಕೊಡ್ತಿಲ್ಲ, ಹಳೇ ಧೋತ್ರ ನಾಲ್ಕು ಜೋಡಿಸಿ ಹೊಲಿಸಿದರೆ ನಡೆಯುತ್ತಾ?

ಕಲಬುರಗಿಯಿಂದ:
ನಡೆಯುತ್ತೆ. ಅಂಚು ಕೆಂಪಿದ್ದರೆ ಕತ್ತರಿಸು.